ಹೊಸ ಯಹೂದಿ ಪುಸ್ತಕಗಳನ್ನು ಹುಡುಕಿ, ಆರಿಸಿ, ಓದುವ ಬಗೆ

ಹೊಸ ಯಹೂದಿ ಪುಸ್ತಕಗಳೆಂದು ಪ್ರತಿ ವರ್ಷ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವ ಕೃತಿಗಳೆಲ್ಲ ಒಂದೇ ಬಗೆಯವಲ್ಲ. ನ್ಯೂಯಾರ್ಕಿನ ಲೇಖಕಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿ, ಟೆಲ್ ಅವೀವ್‌ನಲ್ಲಿ ಹೀಬ್ರೂ ಭಾಷೆಯಲ್ಲಿ ಹೊರಬಂದು ಕೆಲವು ವರ್ಷಗಳ ನಂತರ ಇಂಗ್ಲಿಷಿಗೆ ಅನುವಾದಗೊಂಡ ಕಥಾಸಂಕಲನ, ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ಗೆ ಜೆರುಸಲೇಮಿನ ರಬ್ಬಿಯೊಬ್ಬರು (ಯಹೂದಿ ಧರ್ಮಗುರು) ಬರೆದ ವ್ಯಾಖ್ಯಾನ, ಅರ್ಧ ಶತಮಾನ ಹಳೆಯ ಪತ್ರಿಕೆಗಳ ಪುಟಗಳಲ್ಲೇ ಉಳಿದಿದ್ದ ಯಿಡ್ಡಿಷ್ (ಪೂರ್ವ ಯೂರೋಪಿನ ಯಹೂದಿಗಳ ಆಡುಭಾಷೆ) ಧಾರಾವಾಹಿ, ಇವೆಲ್ಲವೂ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಆದ್ದರಿಂದ ಈ ಸಾಹಿತ್ಯಕ್ಕೆ ಹೊಸದಾಗಿ ಪ್ರವೇಶಿಸುವವರು ಬೆನ್ನುಡಿಯ ಹೊಗಳಿಕೆಯನ್ನು ಪಕ್ಕಕ್ಕಿಟ್ಟು, ಪ್ರತಿ ಪುಸ್ತಕಕ್ಕೂ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಇದು ಮೊದಲು ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿತು, ಯಾವಾಗ ಬರೆಯಲ್ಪಟ್ಟಿತು, ಯಾವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲ್ಪಟ್ಟಿತು. ಈ ಮೂರಕ್ಕೆ ಉತ್ತರ ದೊರೆತರೆ ಪುಸ್ತಕವನ್ನು ಎಲ್ಲಿಂದ ಓದಬೇಕು, ಯಾವ ನಿರೀಕ್ಷೆಯಿಂದ ಓದಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಲೇಖಕರು ಯಹೂದಿ ಮನೆತನದವರು ಎಂಬ ಒಂದೇ ಕಾರಣಕ್ಕೆ ಅವರ ಪ್ರತಿ ಪುಸ್ತಕವೂ ಯಹೂದಿ ಪುಸ್ತಕವಾಗುವುದಿಲ್ಲ. ಯಹೂದಿಗಳ ಬದುಕು, ನಂಬಿಕೆ, ಇತಿಹಾಸ ಅಥವಾ ಭಾಷೆಯೊಡನೆ ಕೃತಿಯೇ ನೇರವಾಗಿ ವ್ಯವಹರಿಸುತ್ತದೆಯೇ ಎಂದು ನೋಡುವುದು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಉಪಯುಕ್ತವಾದ ಅಳತೆ. ಬ್ರಿಟನ್ನಿನಲ್ಲಿ 1977ರಿಂದ ನಡೆದುಬಂದಿರುವ ವಿಂಗೇಟ್ ಪ್ರಶಸ್ತಿಯ ಉದ್ದೇಶವೂ ಇದಕ್ಕೆ ಹತ್ತಿರವಾಗಿದೆ. ಯಹೂದಿತನವೆಂಬ ಭಾವವನ್ನು ಸಾಮಾನ್ಯ ಓದುಗರಿಗೆ ತಲುಪಿಸುವ ಕಥನ ಅಥವಾ ಕಥನೇತರ ಕೃತಿಯನ್ನು ಅದು ಗೌರವಿಸುತ್ತದೆ. 2017ರಲ್ಲಿ ಆ ಪ್ರಶಸ್ತಿಯನ್ನು ಇಸ್ರೇಲಿನ ಕಾದಂಬರಿಗಾರ್ತಿ ಅಯೆಲೆಟ್ ಗುಂದರ್-ಗೋಶೆನ್ ಮತ್ತು ಬ್ರಿಟನ್ನಿನ ನ್ಯಾಯವಾದಿ ಫಿಲಿಪ್ ಸ್ಯಾಂಡ್ಸ್ ಹಂಚಿಕೊಂಡರು. ಒಬ್ಬರದು ಇಂದಿನ ಇಸ್ರೇಲಿನ ಕಥೆ, ಇನ್ನೊಬ್ಬರದು ನರಮೇಧದ ಅಪರಾಧಕ್ಕೆ ಕಾನೂನಿನ ಹೆಸರು ದೊರೆತ ಬಗೆಯನ್ನೂ ತಮ್ಮ ಕುಟುಂಬದ ಚರಿತ್ರೆಯನ್ನೂ ಒಟ್ಟಿಗೆ ಹೆಣೆದ ಕೃತಿ. ಇಷ್ಟು ದೂರದ ಎರಡು ಪುಸ್ತಕಗಳು ಒಂದೇ ವೇದಿಕೆಯಲ್ಲಿ ನಿಲ್ಲಬಲ್ಲವು ಎಂಬುದನ್ನು ಗಮನಿಸಿದರೆ ಈ ಕ್ಷೇತ್ರದ ವಿಸ್ತಾರ ಅರ್ಥವಾಗುತ್ತದೆ.

ಸುದ್ದಿ ಎಲ್ಲಿಂದ ಬರುತ್ತದೆ

ಇಂಗ್ಲಿಷಿನಲ್ಲಿ ಓದುವವರಿಗೆ ಮೊದಲ ಆಧಾರ ಅಮೆರಿಕದ ಜ್ಯೂಯಿಶ್ ಬುಕ್ ಕೌನ್ಸಿಲ್. ಅದರ ಮೂಲ 1925ರಲ್ಲಿದೆ. ಆ ವರ್ಷ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ವೆಸ್ಟ್ ಎಂಡ್ ಶಾಖೆಯಲ್ಲಿ ಗ್ರಂಥಪಾಲಕಿಯಾಗಿದ್ದ ಫ್ಯಾನಿ ಗೋಲ್ಡ್‌ಸ್ಟೀನ್ ಯಹೂದಿ ವಿಷಯದ ಪುಸ್ತಕಗಳ ಪ್ರದರ್ಶನವೊಂದನ್ನು ಏರ್ಪಡಿಸಿದರು. ಅದು ವಾರ್ಷಿಕ ಪುಸ್ತಕ ಸಪ್ತಾಹವಾಗಿ ಬೆಳೆಯಿತು, ಮೇ-ಜೂನಿನ ಸುಮಾರಿಗೆ ಬರುವ ಶಾವೂಓತ್ ಹಬ್ಬದ ಕಾಲದಿಂದ ಡಿಸೆಂಬರಿನ ಸುಮಾರಿಗೆ ಬರುವ ಹನುಕ್ಕಾ ಹಬ್ಬಕ್ಕೆ ಮುಂಚಿನ ದಿನಗಳಿಗೆ ಸರಿಯಿತು, 1943ರಲ್ಲಿ ಒಂದು ತಿಂಗಳ ಆಚರಣೆಯಾಯಿತು. ಹಬ್ಬದ ಉಡುಗೊರೆಯಾಗಿ ಜನ ಪುಸ್ತಕ ಕೊಳ್ಳಲಿ ಎಂಬ ಆಶಯ ಆ ಬದಲಾವಣೆಯ ಹಿಂದಿತ್ತು. ಈಗಲೂ ಅಮೆರಿಕದ ಯಹೂದಿ ಸಮುದಾಯ ಕೇಂದ್ರಗಳ ಪುಸ್ತಕ ಮೇಳಗಳು ಬಹುತೇಕ ನವೆಂಬರಿನ ಆಸುಪಾಸಿನಲ್ಲಿ ನಡೆಯುವುದಕ್ಕೆ ಇದೇ ಕಾರಣ. ಹೊಸ ಪುಸ್ತಕಗಳನ್ನು ಗಮನಿಸುವವರು ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವನ್ನು ಇದಕ್ಕಾಗಿ ಮೀಸಲಿಟ್ಟರೆ ವರ್ಷದ ಬಹುಪಾಲು ಮುಖ್ಯ ಕೃತಿಗಳು ಕಣ್ಣಿಗೆ ಬೀಳುತ್ತವೆ.

ಇದೇ ಸಂಸ್ಥೆ 1950ರಿಂದ ನ್ಯಾಷನಲ್ ಜ್ಯೂಯಿಶ್ ಬುಕ್ ಅವಾರ್ಡ್ಸ್ ಎಂಬ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಕಾದಂಬರಿ, ಕವಿತೆ, ಇತಿಹಾಸ, ಜೀವನಚರಿತ್ರೆ, ಹಾಲೋಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ಅಧ್ಯಯನ, ಅಡುಗೆ, ಮಕ್ಕಳ ಸಾಹಿತ್ಯ, ಹೀಬ್ರೂ ಭಾಷೆಯಿಂದ ಅನುವಾದ ಹೀಗೆ ಹಲವು ವಿಭಾಗಗಳಿವೆ. ಈ ಪಟ್ಟಿಯನ್ನು ಬಳಸುವಾಗ ವಿಜೇತ ಕೃತಿಯ ಹೆಸರನ್ನಷ್ಟೇ ಬರೆದುಕೊಂಡು ಮುಂದೆ ಹೋಗಬಾರದು. ಪ್ರತಿ ವಿಭಾಗದಲ್ಲೂ ಅಂತಿಮ ಸುತ್ತಿಗೆ ಬಂದ ಕೃತಿಗಳ ಹೆಸರುಗಳಿರುತ್ತವೆ; ಸಣ್ಣ ಪ್ರಕಾಶನಗಳ, ವಿಶ್ವವಿದ್ಯಾಲಯ ಪ್ರಕಾಶನಗಳ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ನಿಮಗೆ ಪ್ರಿಯವಾದ ಒಂದೇ ವಿಭಾಗವನ್ನು ಆರಿಸಿಕೊಂಡು, ಕಳೆದ ಐದಾರು ವರ್ಷಗಳ ಅಂತಿಮ ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ. ಮತ್ತೆ ಮತ್ತೆ ಬರುವ ಲೇಖಕರು, ಅನುವಾದಕರು, ಪ್ರಕಾಶಕರು ಯಾರೆಂಬುದು ಒಂದು ಸಂಜೆಯಲ್ಲಿ ಸ್ಪಷ್ಟವಾಗುತ್ತದೆ.

ಹೊಸ ಲೇಖಕರನ್ನೇ ಹುಡುಕುವವರಿಗೆ ಸಾಮಿ ರೋರ್ ಪ್ರಶಸ್ತಿ ಹೆಚ್ಚು ನೆರವಾಗುತ್ತದೆ. 2006ರಲ್ಲಿ ಸ್ಥಾಪನೆಯಾದ ಈ ಪ್ರಶಸ್ತಿ ಬೆಳೆಯುತ್ತಿರುವ ಬರಹಗಾರರಿಗೆ ಮೀಸಲು. ಒಂದು ವರ್ಷ ಕಥನಕ್ಕೆ, ಮರುವರ್ಷ ಕಥನೇತರ ಕೃತಿಗೆ ಸಲ್ಲುತ್ತದೆ. ಅದರ ಮೊತ್ತ 1,00,000 ಡಾಲರ್. ಒಬ್ಬ ಬರಹಗಾರ್ತಿಗೆ ಕೆಲವು ವರ್ಷ ಬೇರೆ ಕೆಲಸವಿಲ್ಲದೆ ಬರೆಯುವ ಅವಕಾಶವನ್ನು ಇಷ್ಟು ಹಣ ಒದಗಿಸುತ್ತದೆ ಎಂಬುದನ್ನು ಮರೆಯಬಾರದು. ಯೆಮೆನ್ ಮೂಲದ ಇಸ್ರೇಲಿ ಕುಟುಂಬದಲ್ಲಿ ಹುಟ್ಟಿ, ಕೆನಡಾದಲ್ಲಿ ನೆಲೆಸಿದ್ದಾಗ ಇಂಗ್ಲಿಷಿನಲ್ಲಿ ಬರೆಯತೊಡಗಿದ ಅಯೆಲೆಟ್ ತ್ಸಬಾರಿ 2015ರಲ್ಲಿ ತಮ್ಮ ಮೊದಲ ಕಥಾಸಂಕಲನಕ್ಕೆ ಈ ಪ್ರಶಸ್ತಿ ಪಡೆದರು. ಅವರ ಕಾದಂಬರಿ ಹೊರಬಂದದ್ದು 2024ರಲ್ಲಿ. ಆ ಪಟ್ಟಿಯನ್ನು 2015ರಲ್ಲೇ ಗಮನಿಸಿದ್ದ ಓದುಗರಿಗೆ ಆ ಕಾದಂಬರಿಕಾರ್ತಿ ಆಗಲೇ ಪರಿಚಿತರಾಗಿದ್ದರು.

ಮಕ್ಕಳಿಗೆ ಪುಸ್ತಕ ಆರಿಸುವವರು ಅಸೋಸಿಯೇಷನ್ ಆಫ್ ಜ್ಯೂಯಿಶ್ ಲೈಬ್ರರೀಸ್ ಕೊಡುವ ಸಿಡ್ನಿ ಟೇಲರ್ ಪ್ರಶಸ್ತಿಯ ಪಟ್ಟಿಯನ್ನು ನೋಡಬೇಕು. 1968ರಲ್ಲಿ ಆರಂಭವಾದ ಇದು ಚಿತ್ರಪುಸ್ತಕ, ನಡುವಯಸ್ಸಿನ ಮಕ್ಕಳು, ಹದಿಹರೆಯದವರು ಎಂಬ ಮೂರು ವಿಭಾಗಗಳಲ್ಲಿ ಗ್ರಂಥಪಾಲಕರೇ ಆರಿಸುವ ಪ್ರಶಸ್ತಿ.

ಇಸ್ರೇಲಿನ ಹೀಬ್ರೂ ಪುಸ್ತಕಲೋಕಕ್ಕೆ ಬೇರೆಯದೇ ಪಂಚಾಂಗವಿದೆ. ಅಲ್ಲಿ ಜೂನ್ ತಿಂಗಳ ಸುಮಾರಿಗೆ ಹೀಬ್ರೂ ಪುಸ್ತಕ ಸಪ್ತಾಹ ನಡೆಯುತ್ತದೆ. ಪ್ರಕಾಶಕರು ನಗರದ ಚೌಕಗಳಲ್ಲಿ ಮಳಿಗೆ ಹಾಕಿ ರಿಯಾಯಿತಿ ದರದಲ್ಲಿ ಮಾರುತ್ತಾರೆ, ಲೇಖಕರು ಅಲ್ಲೇ ಕುಳಿತು ಸಹಿ ಹಾಕಿಕೊಡುತ್ತಾರೆ. 2000ದಿಂದ ಕೊಡಲಾಗುತ್ತಿರುವ ಸಪೀರ್ ಪ್ರಶಸ್ತಿ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಗಳಲ್ಲೊಂದು. ಅದರ ಅಂತಿಮ ಪಟ್ಟಿಯಲ್ಲಿ ಇಂದು ಕಾಣುವ ಹೆಸರುಗಳಲ್ಲಿ ಕೆಲವು ಮೂರು ನಾಲ್ಕು ವರ್ಷಗಳ ನಂತರ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತವೆ. ಹೀಬ್ರೂ ಬಾರದವರಿಗೂ ಆ ಪಟ್ಟಿ ಉಪಯೋಗಕ್ಕೆ ಬರುವುದು ಇದರಿಂದಲೇ.

ಪುಸ್ತಕದ ವಯಸ್ಸನ್ನು ತಿಳಿಯುವುದು

ಕೃತಿಸ್ವಾಮ್ಯದ ವಿವರವಿರುವ ಪುಟವನ್ನು ಹೆಚ್ಚಿನವರು ತಿರುಗಿಸಿಬಿಡುತ್ತಾರೆ. ಯಹೂದಿ ಸಾಹಿತ್ಯದಲ್ಲಿ ಮೊದಲು ಓದಬೇಕಾದದ್ದು ಅದೇ ಪುಟ. ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. 2025ರಲ್ಲಿ ಅಮೆರಿಕದಲ್ಲಿ "ಸನ್ಸ್ ಅಂಡ್ ಡಾಟರ್ಸ್" ಎಂಬ ದೊಡ್ಡ ಕಾದಂಬರಿಯೊಂದು ರೋಸ್ ವಾಲ್ಡ್‌ಮನ್ ಅವರ ಇಂಗ್ಲಿಷ್ ಅನುವಾದದಲ್ಲಿ ಬಿಡುಗಡೆಯಾಯಿತು. ವಿಮರ್ಶೆಗಳು ಅದನ್ನು ವರ್ಷದ ಹೊಸ ಪುಸ್ತಕವಾಗಿಯೇ ಸ್ವಾಗತಿಸಿದವು. ಅದರ ಲೇಖಕ ಹಯೀಮ್ ಗ್ರಾಡೆ 1910ರಲ್ಲಿ ವಿಲ್ನಾದಲ್ಲಿ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಹುಟ್ಟಿದವರು, 1982ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡವರು. 1960 ಮತ್ತು 70ರ ದಶಕಗಳಲ್ಲಿ ಯಿಡ್ಡಿಷ್ ಪತ್ರಿಕೆಗಳಲ್ಲಿ ಈ ಕೃತಿ ಕಂತುಕಂತಾಗಿ ಬಂದಿತ್ತು. ಅವರ ಪತ್ನಿ 2010ರಲ್ಲಿ ತೀರಿಕೊಳ್ಳುವವರೆಗೂ ಲೇಖಕರ ಕಾಗದಪತ್ರಗಳು ಸಂಶೋಧಕರಿಗೆ ದೊರೆತಿರಲಿಲ್ಲ. ಆಮೇಲೆ ಅವು ಯಿಡ್ಡಿಷ್ ಸಂಸ್ಕೃತಿಯ ಸಂಶೋಧನೆ ನಡೆಸುವ ನ್ಯೂಯಾರ್ಕಿನ ಯಿವೋ ಸಂಸ್ಥೆ ಮತ್ತು ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದ ಸುಪರ್ದಿಗೆ ಬಂದವು. ಇಷ್ಟನ್ನು ತಿಳಿದು ಓದಿದರೆ ಕಾದಂಬರಿಯ ರೂಪವೇ ಬೇರೆಯಾಗಿ ಕಾಣುತ್ತದೆ. ಅಧ್ಯಾಯಗಳ ಕೊನೆಯಲ್ಲಿ ಕುತೂಹಲವನ್ನು ಉಳಿಸಿ ನಿಲ್ಲಿಸುವ ರೀತಿ ಧಾರಾವಾಹಿಯ ಅಗತ್ಯದಿಂದ ಬಂದದ್ದು; ಎರಡು ಮಹಾಯುದ್ಧಗಳ ನಡುವಿನ ರಬ್ಬಿ ಕುಟುಂಬಗಳ ಊಟ, ಜಗಳ, ಪ್ರಾರ್ಥನೆಗಳ ಅಷ್ಟೊಂದು ವಿವರ ಆ ಲೋಕ ಸಂಪೂರ್ಣವಾಗಿ ನಾಶವಾದ ಮೇಲೆ, ಅದನ್ನು ಬಲ್ಲ ಓದುಗರಿಗಾಗಿಯೇ ಬರೆದವನ ಶ್ರದ್ಧೆಯಿಂದ ಬಂದದ್ದು. ಇಂದಿನ ಕಾದಂಬರಿಯ ವೇಗವನ್ನು ಅದರಿಂದ ನಿರೀಕ್ಷಿಸಿದರೆ ಲೇಖಕನಿಗೂ ಓದುಗನಿಗೂ ಅನ್ಯಾಯವಾಗುತ್ತದೆ.

ಯಿಡ್ಡಿಷ್ ವಿಷಯದಲ್ಲಿ ಇಂಥ ಪುಸ್ತಕಗಳು ಇನ್ನೂ ಬರುತ್ತಲೇ ಇರುತ್ತವೆ. ಮಿರಿಯಂ ಕಾರ್ಪಿಲೋವ್ ನೂರು ವರ್ಷಗಳ ಹಿಂದೆ ನ್ಯೂಯಾರ್ಕಿನ ಒಂಟಿ ಯುವತಿಯೊಬ್ಬಳ ದಿನಚರಿಯ ರೂಪದಲ್ಲಿ ಬರೆದ ಕಾದಂಬರಿ ಜೆಸಿಕಾ ಕಿರ್ಜೇನ್ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಬಂದದ್ದು 2020ರಲ್ಲಿ. ಯಿಡ್ಡಿಷ್ ಲೇಖಕಿಯರ ಗದ್ಯವನ್ನು ಬಹುಕಾಲ ಅನುವಾದಕರು ಕೈಗೆತ್ತಿಕೊಂಡಿರಲಿಲ್ಲ, ಆದ್ದರಿಂದ ಈ ಕಡೆಯಿಂದ ಬರುತ್ತಿರುವ ಪುಸ್ತಕಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಮೂಲವನ್ನೇ ನೋಡಬಯಸುವವರಿಗೆ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿರುವ ಯಿಡ್ಡಿಷ್ ಬುಕ್ ಸೆಂಟರ್ ಇದೆ. ಎಸೆಯಲು ಇಟ್ಟಿದ್ದ ಯಿಡ್ಡಿಷ್ ಪುಸ್ತಕಗಳನ್ನು ಮನೆಮನೆಯಿಂದ ಸಂಗ್ರಹಿಸುವ ಕೆಲಸದಲ್ಲಿ ತೊಡಗಿದ್ದ ಆರನ್ ಲ್ಯಾನ್ಸ್ಕಿ 1980ರಲ್ಲಿ ಅದನ್ನು ಸ್ಥಾಪಿಸಿದರು; ಅದರ ಡಿಜಿಟಲ್ ಗ್ರಂಥಾಲಯದಲ್ಲಿ 11,000ಕ್ಕೂ ಹೆಚ್ಚು ಕೃತಿಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಹೀಬ್ರೂ ಪುಸ್ತಕಗಳಲ್ಲಿ ಅಂತರ ಇಷ್ಟು ದೀರ್ಘವಲ್ಲ, ಆದರೂ ಇದೆ. ರೂಬಿ ನಾಮ್ದಾರ್ ನ್ಯೂಯಾರ್ಕಿನಲ್ಲಿ ನೆಲೆಸಿ ಹೀಬ್ರೂ ಭಾಷೆಯಲ್ಲಿ ಬರೆದ ಕಾದಂಬರಿ 2013ರಲ್ಲಿ ಪ್ರಕಟವಾಗಿ 2014ರ ಸಾಲಿನ ಸಪೀರ್ ಪ್ರಶಸ್ತಿಯನ್ನು ಪಡೆಯಿತು. ಹಿಲ್ಲೆಲ್ ಹಾಲ್ಕಿನ್ ಅವರ ಇಂಗ್ಲಿಷ್ ಅನುವಾದ ಬಂದದ್ದು 2017ರಲ್ಲಿ. ಇಸ್ರೇಲಿನ ಹೊರಗೆ ವಾಸಿಸುವ ಲೇಖಕರೊಬ್ಬರಿಗೆ ಪ್ರಶಸ್ತಿ ಸಂದ ಮೇಲೆ, ಇಸ್ರೇಲಿನ ನಿವಾಸಿಗಳಿಗೆ ಮಾತ್ರ ಅದು ಸಲ್ಲಬೇಕೆಂದು ನಿಯಮ ಬದಲಾಯಿತು. ಹೀಬ್ರೂ ಸಾಹಿತ್ಯ ಭಾಷೆಗೆ ಸೇರಿದ್ದೋ ನೆಲಕ್ಕೆ ಸೇರಿದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹೀಬ್ರೂ ಪುಸ್ತಕವೇ ಕೈಗೆ ಬಂದರೆ ಮೊದಲು ಅದನ್ನು ಮಗುಚಿ ಹಿಡಿಯಬೇಕು, ಏಕೆಂದರೆ ಬಲದಿಂದ ಎಡಕ್ಕೆ ಸಾಗುವ ಆ ಲಿಪಿಯ ಪುಸ್ತಕದಲ್ಲಿ ನಮಗೆ ಹಿಂಪುಟವೆನಿಸುವುದೇ ಮುಖಪುಟ. ಪ್ರಕಟಣೆಯ ವರ್ಷ, ಮುಖ್ಯವಾಗಿ ಧಾರ್ಮಿಕ ಗ್ರಂಥಗಳಲ್ಲಿ, ಅಂಕಿಗಳ ಬದಲು ಅಕ್ಷರಗಳಲ್ಲಿ ಇರುತ್ತದೆ. ಪ್ರತಿ ಹೀಬ್ರೂ ಅಕ್ಷರಕ್ಕೂ ಒಂದು ಸಂಖ್ಯಾಬೆಲೆಯಿದೆ, ಅವುಗಳನ್ನು ಕೂಡಿಸಬೇಕು. ಉದಾಹರಣೆಗೆ ತಾವ್, ಶಿನ್, ಪೇ, ಹೇ ಎಂಬ ನಾಲ್ಕು ಅಕ್ಷರಗಳಿದ್ದರೆ 400, 300, 80, 5 ಸೇರಿ 785 ಆಗುತ್ತದೆ. ಇದು ಯಹೂದಿ ಪಂಚಾಂಗದ 5785ನೆಯ ವರ್ಷ. ಸಾವಿರದ ಸ್ಥಾನವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬಂದ ಮೊತ್ತಕ್ಕೆ 1240 ಕೂಡಿಸಿದರೆ 2025 ಸಿಗುತ್ತದೆ. ಯಹೂದಿ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ, ವರ್ಷದ ಮೊದಲ ತಿಂಗಳುಗಳಲ್ಲಿ ಅಚ್ಚಾದ ಪುಸ್ತಕ 2024ರದ್ದೂ ಆಗಿರಬಹುದು. ಇಷ್ಟು ಲೆಕ್ಕ ಬಂದರೆ ಹೀಬ್ರೂ ಓದಲು ಬಾರದವರೂ ಗ್ರಂಥಾಲಯದ ಕಪಾಟಿನಲ್ಲಿ ಹಳೆಯದಾವುದು, ಹೊಸದಾವುದು ಎಂದು ಗುರುತಿಸಬಹುದು.

ಲೇಖಕರನ್ನು ಹಿಂಬಾಲಿಸುವುದು

ಲೇಖಕರ ಹೆಸರಿನಿಂದ ಹುಡುಕುವಾಗ ಇಂಗ್ಲಿಷ್ ಕಾಗುಣಿತ ತೊಂದರೆ ಕೊಡುತ್ತದೆ. ಹಯೀಮ್ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಕೆಲವೆಡೆ ಸಿ ಮತ್ತು ಎಚ್ ಎರಡೂ ಸೇರಿ, ಕೆಲವೆಡೆ ಎಚ್ ಒಂದರಿಂದಲೇ ಆರಂಭವಾಗುತ್ತದೆ. ಇತ್ಸ್‌ಹಾಕ್, ಐಸಾಕ್ ಎರಡೂ ಒಂದೇ ಹೆಸರಿನ ರೂಪಗಳು. ನಾಮ್ದಾರ್ ಅವರೇ ಇಂಗ್ಲಿಷಿನಲ್ಲಿ ರೂಬಿ, ಹೀಬ್ರೂನಲ್ಲಿ ರುವೇನ್. ಗ್ರಂಥಸೂಚಿಯಲ್ಲಿ ಒಂದು ರೂಪ ಸಿಗದಿದ್ದರೆ ಪುಸ್ತಕವೇ ಇಲ್ಲವೆಂದು ತೀರ್ಮಾನಿಸದೆ ಇನ್ನೊಂದು ರೂಪದಿಂದ ಹುಡುಕಬೇಕು. ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದ ಸೂಚಿ ಈ ಗೊಂದಲವನ್ನು ಬಿಡಿಸಿಕೊಳ್ಳಲು ಉತ್ತಮ ಸಾಧನ.

ಲೇಖಕರಿಗಿಂತಲೂ ಅನುವಾದಕರನ್ನು ಹಿಂಬಾಲಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಡೇವಿಡ್ ಗ್ರಾಸ್‌ಮನ್ ಅವರ ಹೀಬ್ರೂ ಕಾದಂಬರಿ 2017ರಲ್ಲಿ ಮ್ಯಾನ್ ಬೂಕರ್ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದಾಗ 50,000 ಪೌಂಡುಗಳನ್ನು ಲೇಖಕರೂ ಅನುವಾದಕಿ ಜೆಸಿಕಾ ಕೊಹೆನ್ ಅವರೂ ಸಮನಾಗಿ ಹಂಚಿಕೊಂಡರು. ಅದೇ ಕೊಹೆನ್ 2024ರಲ್ಲಿ ಮಾಯಾ ಅರಾದ್ ಅವರನ್ನು ಇಂಗ್ಲಿಷ್ ಓದುಗರ ಮುಂದೆ ತಂದರು. ಅರಾದ್ ಕ್ಯಾಲಿಫೋರ್ನಿಯಾದಲ್ಲಿದ್ದು ಹೀಬ್ರೂ ಭಾಷೆಯಲ್ಲಿ ಬರೆಯುವವರು, ಇಸ್ರೇಲಿನಲ್ಲಿ ಬಹುಕಾಲದಿಂದ ಹೆಸರಾದವರು. ಇಂಗ್ಲಿಷ್ ಓದುಗರಿಗೆ ಮಾತ್ರ ಆಗ ಹೊಸಬರು. ಕೊಹೆನ್ ಅವರ ಅನುವಾದಗಳ ಪಟ್ಟಿಯನ್ನು ನೋಡುತ್ತಿದ್ದವರಿಗೆ ಅರಾದ್ ಸಹಜವಾಗಿಯೇ ಸಿಕ್ಕಿರುತ್ತಾರೆ. ಒಳ್ಳೆಯ ಅನುವಾದಕರು ತಮಗೆ ಮೆಚ್ಚುಗೆಯಾದ ಲೇಖಕರಿಗಾಗಿ ಪ್ರಕಾಶಕರನ್ನು ತಾವೇ ಹುಡುಕುವುದೂ ಉಂಟು, ಆದ್ದರಿಂದ ಅವರ ಅಭಿರುಚಿ ಪ್ರಶಸ್ತಿ ಪಟ್ಟಿಯಷ್ಟೇ ನಂಬಲರ್ಹ.

ಅಮೆರಿಕದಲ್ಲಿ ಹೊಸ ಲೇಖಕರು ಓದುಗರ ಬಳಿಗೆ ಹೋಗುವ ಒಂದು ವಿಶಿಷ್ಟ ಕ್ರಮವಿದೆ. ಜ್ಯೂಯಿಶ್ ಬುಕ್ ಕೌನ್ಸಿಲ್ ಪ್ರತಿ ವರ್ಷ ಸಮುದಾಯ ಕೇಂದ್ರಗಳ ಕಾರ್ಯಕ್ರಮ ಸಂಯೋಜಕರನ್ನು ಒಂದೆಡೆ ಸೇರಿಸುತ್ತದೆ; ಲೇಖಕರು ಒಬ್ಬೊಬ್ಬರಾಗಿ ಎದ್ದು ತಮ್ಮ ಪುಸ್ತಕದ ಬಗ್ಗೆ ಎರಡೇ ನಿಮಿಷ ಮಾತನಾಡುತ್ತಾರೆ. ಆ ಎರಡು ನಿಮಿಷಗಳನ್ನು ಕೇಳಿ ಸಂಯೋಜಕರು ತಮ್ಮ ಊರಿಗೆ ಯಾರನ್ನು ಕರೆಸಬೇಕೆಂದು ನಿರ್ಧರಿಸುತ್ತಾರೆ. ಇದರಿಂದ ಓದುಗರಿಗೆ ತಿಳಿಯಬೇಕಾದ ಒಂದು ಎಚ್ಚರಿಕೆಯಿದೆ: ಮಾತಿನಲ್ಲಿ ಚುರುಕಾಗಿ ಹೇಳಬಹುದಾದ ಕಥೆಯಿರುವ ಪುಸ್ತಕಗಳಿಗೆ ಈ ವ್ಯವಸ್ಥೆಯಲ್ಲಿ ಅನುಕೂಲ ಹೆಚ್ಚು, ಕವಿತೆಗೂ ಸೂಕ್ಷ್ಮವಾದ ಕಥೆಗಳಿಗೂ ಕಡಿಮೆ. ಕವಿತೆಯನ್ನು ಹುಡುಕುವವರು ಸಭೆಗಳ ಪಟ್ಟಿಗಿಂತ ನಿಯತಕಾಲಿಕೆಗಳನ್ನು ನಂಬಬೇಕು. ಕೌನ್ಸಿಲ್ಲೇ ಹೊರತರುವ ವಾರ್ಷಿಕ ಸಂಚಿಕೆಗೆ "ಪೇಪರ್ ಬ್ರಿಗೇಡ್" ಎಂದು ಹೆಸರು. ನಾಜಿಗಳ ಕೈಯಿಂದ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಬಚ್ಚಿಟ್ಟು ಉಳಿಸಿದ ವಿಲ್ನಾ ಘೆಟ್ಟೋದ (ಯಹೂದಿಗಳನ್ನು ಕೂಡಿಹಾಕಿದ್ದ ಬಡಾವಣೆ) ಬರಹಗಾರರ ಗುಂಪಿನ ನೆನಪಿಗೆ ಅದನ್ನು ಇಡಲಾಗಿದೆ. ವಿಮರ್ಶೆಗಾಗಿ 2010ರಲ್ಲಿ ಆರಂಭವಾದ ಜ್ಯೂಯಿಶ್ ರಿವ್ಯೂ ಆಫ್ ಬುಕ್ಸ್, ಮಹಿಳೆಯರ ಬರಹಕ್ಕಾಗಿ 1976ರಿಂದ ಬರುತ್ತಿರುವ ಲಿಲಿತ್ ಪತ್ರಿಕೆಗಳನ್ನು ನೋಡಬಹುದು.

ಯೂರೋಪು, ಅಮೆರಿಕ, ಇಸ್ರೇಲುಗಳಿಗೆ ಮಾತ್ರ ನೋಟವನ್ನು ಸೀಮಿತಗೊಳಿಸಬಾರದು. ಭಾರತದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಎಸ್ತರ್ ಡೇವಿಡ್ ಇಂಗ್ಲಿಷ್ ಕಾದಂಬರಿಗಾಗಿ 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಕೊಚ್ಚಿಯ ಯಹೂದಿ ಮಹಿಳೆ ರೂಬಿ ಡೇನಿಯಲ್ ಅವರ ನೆನಪುಗಳನ್ನು 1995ರಲ್ಲಿ ಅಮೆರಿಕದ ಜ್ಯೂಯಿಶ್ ಪಬ್ಲಿಕೇಷನ್ ಸೊಸೈಟಿ ಪ್ರಕಟಿಸಿತು. ಇರಾಕ್, ಮೊರಾಕೊ, ಇರಾನ್, ಯೆಮೆನ್ ಮೂಲದ ಲೇಖಕರ ಕೃತಿಗಳನ್ನೂ ಹೀಗೆಯೇ ಬೇಕೆಂದು ಹುಡುಕಿ ಓದಬೇಕಾಗುತ್ತದೆ, ಏಕೆಂದರೆ ಪ್ರಸಿದ್ಧ ಪಟ್ಟಿಗಳಲ್ಲಿ ಪೂರ್ವ ಯೂರೋಪಿನ ಕುಟುಂಬಗಳ ಕಥೆಯೇ ಬಹುಕಾಲ ಮೇಲುಗೈ ಪಡೆದಿತ್ತು.

ಧಾರ್ಮಿಕ ಗ್ರಂಥಗಳು, ವಾದದ ಪುಸ್ತಕಗಳು

ಧಾರ್ಮಿಕ ಪುಸ್ತಕಗಳಲ್ಲಿ ಪ್ರಕಾಶನದ ಹೆಸರೇ ಅರ್ಧ ಪರಿಚಯ. 1888ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾದ ಜ್ಯೂಯಿಶ್ ಪಬ್ಲಿಕೇಷನ್ ಸೊಸೈಟಿ ವಿದ್ವತ್ತಿನ ಕಡೆ ಒಲಿದದ್ದು. ಜೆರುಸಲೇಮಿನ ಕೋರೆನ್ ಆಧುನಿಕ ಸಂಪ್ರದಾಯನಿಷ್ಠರಲ್ಲಿ ಮಾನ್ಯ. ಅಮೆರಿಕದ ಆರ್ಟ್‌ಸ್ಕ್ರೋಲ್ ಕಟ್ಟುನಿಟ್ಟಾದ ಸಂಪ್ರದಾಯನಿಷ್ಠ ಓದುಗರನ್ನು ಮುಂದಿಟ್ಟುಕೊಂಡು ಪ್ರಕಟಿಸುತ್ತದೆ. ಸಂಪ್ರದಾಯನಿಷ್ಠ ಗ್ರಂಥಗಳ ಮೊದಲ ಪುಟಗಳಲ್ಲಿ ಹಸ್ಕಾಮಾ ಎಂದು ಕರೆಯುವ ಅನುಮೋದನಾ ಪತ್ರಗಳಿರುತ್ತವೆ; ಅವುಗಳಿಗೆ ಸಹಿ ಹಾಕಿದ ರಬ್ಬಿಗಳು ಯಾರೆಂದು ನೋಡಿದರೆ ಲೇಖಕ ಯಾವ ವಲಯದವನು, ಪುಸ್ತಕ ಯಾರಿಗಾಗಿ ಎಂಬುದು ತಿಳಿಯುತ್ತದೆ. ಲೇಖಕರು ಉಲ್ಲೇಖಿಸುವ ತೋರಾ (ಬೈಬಲ್ಲಿನ ಮೊದಲ ಐದು ಗ್ರಂಥಗಳು) ಅಥವಾ ತಾಲ್ಮುದ್ ಭಾಗವನ್ನು ಪರೀಕ್ಷಿಸಬೇಕಾದರೆ 2011ರಲ್ಲಿ ಸ್ಥಾಪನೆಯಾದ ಸೆಫಾರಿಯಾ ಎಂಬ ಲಾಭರಹಿತ ಸಂಸ್ಥೆಯ ಅಂತರ್ಜಾಲ ಗ್ರಂಥಾಲಯದಲ್ಲಿ ಮೂಲವೂ ಅನುವಾದವೂ ಉಚಿತವಾಗಿ ದೊರೆಯುತ್ತವೆ. ಕಾದಂಬರಿ ಓದುವಾಗಲೂ ಇದು ಕೈಯಲ್ಲಿರಲಿ. ಹೀಬ್ರೂ ಗದ್ಯದ ಒಂದೊಂದು ವಾಕ್ಯದಲ್ಲೂ ಬೈಬಲ್ಲಿನ ಪ್ರತಿಧ್ವನಿ ಇರುವುದು ಸಾಮಾನ್ಯ.

2023ರ ಅಕ್ಟೋಬರ್ 7ರ ದಾಳಿ ಮತ್ತು ಗಾಜಾ ಯುದ್ಧದ ನಂತರ ಈ ಕ್ಷೇತ್ರದ ಕಥನೇತರ ಬರಹ ಬಹಳ ಬದಲಾಗಿದೆ. ದಾಳಿಗೆ ಸಿಕ್ಕವರ ಬದುಕನ್ನು ಪತ್ರಕರ್ತೆ ಲೀ ಯಾರೋನ್ 2024ರ ಕೃತಿಯಲ್ಲಿ ದಾಖಲಿಸಿದರು. ಗಾಜಾದ ವಿನಾಶದ ಎದುರು ಯಹೂದಿಯಾಗಿರುವುದರ ನೈತಿಕ ಹೊಣೆಯನ್ನು ಪೀಟರ್ ಬೈನಾರ್ಟ್ 2025ರ ಕೃತಿಯಲ್ಲಿ ಚರ್ಚಿಸಿದರು. ಇಂಥ ಪುಸ್ತಕಗಳನ್ನು ಒಂದೊಂದಾಗಿ ಅಲ್ಲ, ಜೊತೆಜೊತೆಯಾಗಿ ಓದಬೇಕು, ಮತ್ತು ಅವುಗಳಿಗೆ ಬಂದ ಪ್ರತಿಕೂಲ ವಿಮರ್ಶೆಗಳನ್ನೂ ಓದಬೇಕು. ಎದುರಾಳಿಯ ಅಭಿಪ್ರಾಯವನ್ನೂ ಅದೇ ಪುಟದಲ್ಲಿ ಉಳಿಸಿಕೊಳ್ಳುವುದು ತಾಲ್ಮುದ್ ಕಾಲದಿಂದ ಈ ಪರಂಪರೆಯ ಪದ್ಧತಿ. ಒಬ್ಬ ಲೇಖಕರನ್ನು ಇಡೀ ಸಮುದಾಯದ ದನಿಯೆಂದು ತಿಳಿಯುವುದು ಅದಕ್ಕೆ ವಿರುದ್ಧವಾದದ್ದು.

ಓದಿದ ಮೇಲೆ ಲೇಖಕರಿಗೋ ಅನುವಾದಕರಿಗೋ ಬರೆಯಬೇಕೆನಿಸಿದರೆ ಪ್ರಕಾಶಕರ ಮೂಲಕ ಬರೆಯುವುದು ಸೂಕ್ತ. ಸಂಪ್ರದಾಯನಿಷ್ಠ ಲೇಖಕರು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಫೋನು, ಕಂಪ್ಯೂಟರ್ ಮುಟ್ಟುವುದಿಲ್ಲ. ಅಂತರ್ಜಾಲ ಸಂವಾದಕ್ಕೆ ಅವರನ್ನು ಕರೆಯುವ ಓದುಗರ ಬಳಗಗಳು ಭಾನುವಾರವನ್ನೋ ವಾರದ ನಡುವಿನ ದಿನವನ್ನೋ ಗೊತ್ತುಮಾಡಬೇಕು, ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಸಾಲಾಗಿ ಬರುವ ಹಬ್ಬಗಳ ದಿನಾಂಕಗಳನ್ನು ಮೊದಲೇ ನೋಡಿಕೊಳ್ಳಬೇಕು. ಅನುವಾದಿತ ಕೃತಿಯಾದರೆ ಅನುವಾದಕರನ್ನೂ ಅದೇ ಸಂವಾದಕ್ಕೆ ಕರೆಯಿರಿ. ಮೂಲದ ಯಾವ ಭಾಗ ಬಿಟ್ಟುಹೋಯಿತು, ಯಾವುದನ್ನು ಲೇಖಕರೊಡನೆ ಚರ್ಚಿಸಿ ಬದಲಿಸಲಾಯಿತು ಎಂಬುದನ್ನು ಅವರೇ ಹೇಳಬಲ್ಲರು.